ಎಚ್‌ಒಎ ಒಳರಸ್ತೆಗಳ ಸ್ನೋ ತೆಗೆಸುವ ಕಾಂಟ್ರಾಕ್ಟ್: ಏನೇನು ಬರೆಸಿಕೊಳ್ಳಬೇಕು? (ನ್ಯೂಜೆರ್ಸಿ)

ಟೌನ್‌ಹೋಂ_ಬೋರ್ಡ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಧ್ಯ ನ್ಯೂಜೆರ್ಸಿಯ ಒಂದು ಟೌನ್‌ಹೋಂ (ಸಾಲುಮನೆ) ಸಮುದಾಯದ ಎಚ್‌ಒಎ, ಅಂದರೆ ಮನೆಮಾಲೀಕರ ಸಂಘದ ಬೋರ್ಡಿನ ಪರವಾಗಿ ಕೇಳುತ್ತಿದ್ದೇನೆ. ಒಟ್ಟು 84 ಮನೆ. ಒಳರಸ್ತೆಗಳೆಲ್ಲ ಖಾಸಗಿ, ಟೌನ್‌ಶಿಪ್‌ನ (ಸ್ಥಳೀಯ ಆಡಳಿತದ) ಪ್ಲೋ, ಅಂದರೆ ಸ್ನೋ ತಳ್ಳುವ ಲಾರಿ, ನಮ್ಮ ಗೇಟಿನ ಮುಂದಿನ ರಸ್ತೆಯಲ್ಲೇ ಹಾದುಹೋಗುತ್ತದೆ, ಒಳಗೆ ಬರುವುದಿಲ್ಲ. ಒಳರಸ್ತೆಯ ಉದ್ದ 2,600 ಅಡಿ, ಅಗಲ 24 ಅಡಿ. ಅತಿಥಿಗಳ ಪಾರ್ಕಿಂಗ್ ಎರಡು ಕಡೆ ಇದೆ, ಒಂದು ಎತ್ತರದಲ್ಲಿ, ಇನ್ನೊಂದು ತಗ್ಗಿನಲ್ಲಿ.

ಈಗಿರುವ ಕಾಂಟ್ರಾಕ್ಟ್ ನವೀಕರಣಕ್ಕೆ ಬಂದಿದೆ. ಎದುರಾಗಿರುವ ಪ್ರಶ್ನೆಗಳು ಇವು.

ಕಾಂಟ್ರಾಕ್ಟ್ ‘ಪುಶ್’ ಲೆಕ್ಕದ್ದು, ಅಂದರೆ ಪ್ಲೋ ಬಂದು ತಳ್ಳಿದ ಪ್ರತಿ ಸಲಕ್ಕೂ ಇಷ್ಟು ಎಂದು ಬಿಲ್; 2 ಇಂಚು ಬಿದ್ದರೆ ಬರುತ್ತಾರೆ. ಒಂದೇ ಬಿರುಗಾಳಿಗೆ ಮೂರು ಪುಶ್ ಬಿಲ್ ಬಂದರೆ ಅದು ಸರಿಯೋ ತಪ್ಪೋ ಎಂದು ಪರಿಶೀಲಿಸುವ ದಾರಿ ನಮ್ಮ ಹತ್ತಿರ ಇಲ್ಲ. ಸ್ನೋ ಎಲ್ಲ ಮೇಲಿನ ಪಾರ್ಕಿಂಗಿನ ಮೂಲೆಯಲ್ಲಿ ಗುಡ್ಡೆ ಬೀಳುತ್ತದೆ, ಅದರ ಕೆಳಗಿನ ತಿರುವು ಬೆಳಿಗ್ಗೆ ಕನ್ನಡಿಯ ಹಾಗೆ ಆಗಿರುತ್ತದೆ. ಉಪ್ಪನ್ನು ಟನ್ ಲೆಕ್ಕದಲ್ಲಿ ಹಾಕುತ್ತಾರೆ. ನಮ್ಮ ರಸ್ತೆಗೆ ನಿಜಕ್ಕೂ ಎಷ್ಟು ಬೇಕು? ಈಗ ಎರಡು ಕೊಟೇಶನ್ ಬಂದಿವೆ. ಒಂದು ಮತ್ತೆ ಪುಶ್ ಲೆಕ್ಕ, ಇನ್ನೊಂದು ಇಡೀ ಸೀಸನ್‌ಗೆ ಒಂದೇ ಮೊತ್ತ. ಯಾವುದು ಒಳ್ಳೆಯದು? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ರಸ್ತೆ_ಲೆಕ್ಕ:

ದರದ ಮಾತು ಆಮೇಲೆ ನೋಡೋಣ. ಮೊದಲು ಸ್ನೋ ಎಲ್ಲಿ ಇಡಬೇಕು ಅನ್ನುವುದು ತೀರ್ಮಾನವಾಗಬೇಕು. ಸ್ನೋ ತೆಗೆಯುವುದು ಎಂದರೆ ಅರ್ಧ ಕೆಲಸ ಅದನ್ನು ಇಡಲು ಜಾಗ ಹುಡುಕುವುದೇ. ನಿಮ್ಮ ತಿರುವಿನ ಸಮಸ್ಯೆ ಹುಟ್ಟಿದ್ದೂ ಅಲ್ಲೇ.

ನಿಮ್ಮದೇ ಅಂಕಿ ಹಿಡಿದು ಲೆಕ್ಕ ಹಾಕಿ. 2,600 × 24 ಎಂದರೆ 62,400 ಚದರಡಿ. ಅದರ ಮೇಲೆ 6 ಇಂಚು ಬಿದ್ದರೆ 31,200 ಘನ ಅಡಿ. ಹೊಸ ಸ್ನೋ ಸಾಮಾನ್ಯವಾಗಿ ಹತ್ತಕ್ಕೆ ಒಂದು, ಅಂದರೆ ಹತ್ತು ಇಂಚು ಕರಗಿದರೆ ಒಂದು ಇಂಚು ನೀರು. ಆ ಲೆಕ್ಕದಲ್ಲಿ ಅದರ ತೂಕ ಸುಮಾರು 88 ಮೆಟ್ರಿಕ್ ಟನ್. ಪ್ಲೋ ತಳ್ಳಿದ ಮೇಲೆ ಒತ್ತಿಕೊಂಡು ಮೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ ಅಂದುಕೊಂಡರೂ 10,400 ಘನ ಅಡಿ ಉಳಿಯುತ್ತದೆ. ಸರಾಸರಿ ಐದು ಅಡಿ ಎತ್ತರ ಗುಡ್ಡೆ ಹಾಕಿದರೆ 2,080 ಚದರಡಿ ನೆಲ ಬೇಕು. 9 ಅಡಿ × 18 ಅಡಿಯ ಪಾರ್ಕಿಂಗ್ ಜಾಗಕ್ಕೆ ಹೋಲಿಸಿದರೆ ಹದಿಮೂರು ಕಾರಿನ ಜಾಗ. ಇದು ಒಂದೇ ಬಿರುಗಾಳಿಯದು, ಡ್ರೈವ್‌ವೇಗಳದ್ದು ಸೇರಿಲ್ಲ. ಇದು ಕರಗುವ ಮೊದಲೇ ಇನ್ನೊಂದು ಬಂದರೆ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರ ನವೆಂಬರ್‌ನಲ್ಲೇ ಇಲ್ಲದಿದ್ದರೆ, ರಾತ್ರಿ ಎರಡು ಗಂಟೆಗೆ ಬರುವ ಡ್ರೈವರ್ ತನಗೆ ಹತ್ತಿರವಾದ ಮೂಲೆಗೆ ತಳ್ಳುತ್ತಾನೆ. ಅದರಲ್ಲಿ ಅವನ ತಪ್ಪಿಲ್ಲ.

ಆದ್ದರಿಂದ ಸೈಟ್ ಮ್ಯಾಪ್ ಒಂದನ್ನು ಕಾಂಟ್ರಾಕ್ಟಿಗೇ ಲಗತ್ತಿಸಿ. ಸಮುದಾಯದ ಪ್ಲಾನ್ ಪ್ರಿಂಟ್ ತೆಗೆದು ಬಣ್ಣದ ಪೆನ್ನಿನಲ್ಲಿ ಗುರುತು ಮಾಡಿದರೆ ಸಾಕು. ಅದರಲ್ಲಿ ಇರಬೇಕಾದದ್ದು: ಗುಡ್ಡೆ ಹಾಕುವ ಜಾಗ, ಅದು ತುಂಬಿದರೆ ಎರಡನೆಯ ಜಾಗ, ಪ್ಲೋ ಯಾವ ದಿಕ್ಕಿನಲ್ಲಿ ತಳ್ಳಬೇಕು ಎಂಬ ಬಾಣದ ಗುರುತು, ಫೈರ್ ಹೈಡ್ರಂಟ್‌ಗಳು (ಬೆಂಕಿ ಆರಿಸುವ ನೀರಿನ ನಲ್ಲಿ), ಚರಂಡಿಯ ಜಾಲರಿಗಳು, ಅಂಚೆಪೆಟ್ಟಿಗೆ ಸಾಲು, ಸ್ಪೀಡ್ ಬಂಪ್, ಎತ್ತಿಕೊಂಡಿರುವ ಮ್ಯಾನ್‌ಹೋಲ್ ಮುಚ್ಚಳ.

ಗುಡ್ಡೆಯ ಜಾಗ ಯಾವಾಗಲೂ ರಸ್ತೆಗಿಂತ ತಗ್ಗಿನ ಕಡೆ ಇರಬೇಕು. ಎತ್ತರದಲ್ಲಿ ಇಟ್ಟರೆ ಮಧ್ಯಾಹ್ನದ ಬಿಸಿಲಿಗೆ ಕರಗಿದ ನೀರು ರಸ್ತೆಗೆ ಅಡ್ಡಲಾಗಿ ಹರಿದು, ಕತ್ತಲಾದ ಮೇಲೆ ಅಲ್ಲೇ ಹೆಪ್ಪುಗಟ್ಟುತ್ತದೆ. ಮಳೆ ನಿಂತರೂ ಮರದ ಹನಿ ನಿಲ್ಲದು ಅನ್ನುತ್ತಾರಲ್ಲ, ಹಾಗೆ ಬಿರುಗಾಳಿ ಮುಗಿದು ವಾರವಾದರೂ ನಿಮ್ಮ ತಿರುವಿನಲ್ಲಿ ದಿನಾ ಹೊಸ ಐಸ್. ಅದಕ್ಕೆ ಎಷ್ಟು ಉಪ್ಪು ಸುರಿದರೂ ಮರುದಿನ ಮತ್ತೆ ಅದೇ. ಗುಡ್ಡೆಯನ್ನು ಕೆಳಗಿನ ಪಾರ್ಕಿಂಗಿಗೆ ಸಾಗಿಸಿ. ಅಲ್ಲಿ ಚರಂಡಿ ಜಾಲರಿ ಇದ್ದರೆ ಅದರ ಮೇಲಲ್ಲ, ಅದಕ್ಕಿಂತ ಸ್ವಲ್ಪ ಮೇಲೆ, ಕರಗಿದ ನೀರು ಹರಿದು ಜಾಲರಿಗೆ ಬೀಳುವ ಹಾಗೆ. ಮೇಲಿನ ಜಾಗ ಬಿಟ್ಟರೆ ಗತಿಯಿಲ್ಲ ಎಂದಾದರೆ, ಬಿರುಗಾಳಿ ಮುಗಿದ ಮೇಲೆ ಲೋಡರ್ (ಸ್ನೋ ಎತ್ತಿ ತುಂಬುವ ಯಂತ್ರ) ತಂದು ಸಾಗಿಸುವ ದರವನ್ನು ಗಂಟೆಯ ಲೆಕ್ಕದಲ್ಲಿ ಈಗಲೇ ಬರೆಸಿಕೊಳ್ಳಿ. ದೊಡ್ಡ ಬಿರುಗಾಳಿ ಆದಮೇಲೆ ಲೋಡರ್‌ಗೆ ಎಲ್ಲರೂ ಓಡುತ್ತಾರೆ, ಆಗ ಹೇಳಿದ್ದೇ ದರ.

ಗುರುತಿನ ಕಡ್ಡಿ ಮರೆಯಬೇಡಿ. ನಾಲ್ಕು ಅಡಿಯ ಫೈಬರ್‌ಗ್ಲಾಸ್ ಕಡ್ಡಿ, ತುದಿಯಲ್ಲಿ ಹೊಳೆಯುವ ಪಟ್ಟಿ ಇರುವಂಥದ್ದು. ನೆಲ ಗಟ್ಟಿಯಾಗುವ ಮುಂಚೆ, ನವೆಂಬರ್ ಮುಗಿಯುವುದರೊಳಗೆ ನೆಡಬೇಕು. ಕರ್ಬ್ (ರಸ್ತೆಯಂಚಿನ ಕಟ್ಟೆ) ತಿರುಗುವಲ್ಲಿ ತಿರುವಿನ ಎರಡೂ ತುದಿಗೆ, ಜಾಲರಿಗೆ ಒಂದು, ಹೈಡ್ರಂಟ್‌ಗೆ ಒಂದು, ಬಂಪ್‌ಗೆ ಎರಡೂ ಬದಿ. ಅದೇ ದಿನ ಕರ್ಬ್, ಹುಲ್ಲು, ಸೈಡ್‌ವಾಕ್ ಅಂಚುಗಳ ಫೋಟೋ ತೆಗೆದಿಡಿ. ಮಾರ್ಚ್‌ನಲ್ಲಿ ಒಡೆದ ಕರ್ಬ್ ತೋರಿಸಿದಾಗ ‘ಅದು ಮೊದಲೇ ಒಡೆದಿತ್ತು’ ಅನ್ನುವ ಮಾತಿಗೆ ಉತ್ತರ ಆ ಫೋಟೋ ಮಾತ್ರ.

ಕಲ್ಲುಪ್ಪು:

ಉಪ್ಪಿನ ವಿಷಯಕ್ಕೆ ನಾನು ಬರೆಯುತ್ತೇನೆ. ಹೆಚ್ಚು ಹಣ ಪೋಲಾಗುವುದೂ ಇಲ್ಲೇ, ಹೆಚ್ಚು ಹಾನಿ ಆಗುವುದೂ ಇಲ್ಲೇ.

ಉಪ್ಪು ಸ್ನೋ ತೆಗೆಯುವ ಸಾಧನ ಅಲ್ಲ. ಪ್ಲೋ ಬಳಿದು ಹೋದ ಮೇಲೆ ನೆಲಕ್ಕೆ ಅಂಟಿ ಉಳಿದ ತೆಳು ಪದರವನ್ನು ಬಿಡಿಸುವುದಷ್ಟೇ ಅದರ ಕೆಲಸ. ಎರಡು ಇಂಚು ಸ್ನೋ ಮೇಲೆ ಉಪ್ಪು ಎರಚಿ ಕರಗಲಿ ಎಂದು ಕಾಯುವವರು ಕೆಲಸ ಬಲ್ಲವರಲ್ಲ.

ಎಷ್ಟು ಕರಗಿಸುತ್ತದೆ ಅನ್ನುವುದು ನೆಲದ ಉಷ್ಣಾಂಶದ ಮೇಲೆ ನಿಂತಿದೆ. ಗಾಳಿಯದಲ್ಲ, ನೆಲದ್ದು. ಒಂದು ಪೌಂಡ್ ಕಲ್ಲುಪ್ಪು (ಸೋಡಿಯಂ ಕ್ಲೋರೈಡ್) 30 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಸುಮಾರು 46 ಪೌಂಡ್ ಐಸ್ ಕರಗಿಸುತ್ತದೆ. 25 ಡಿಗ್ರಿಗೆ ಅದು 14ಕ್ಕೆ ಇಳಿಯುತ್ತದೆ. 20ಕ್ಕೆ 8.6. 15ಕ್ಕೆ 6.3. 10ಕ್ಕೆ ಐದೂ ಇಲ್ಲ, ಜೊತೆಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಅದಕ್ಕೇ 15 ಡಿಗ್ರಿಗಿಂತ ಕೆಳಗೆ ಬರೀ ಕಲ್ಲುಪ್ಪು ನಂಬಿ ಕೂರಬಾರದು. ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದನ್ನು ಬೋರ್ಡಿನಿಂದ ಕೊಳ್ಳಿ. ಅಡುಗೆಮನೆಯಲ್ಲಿ ಬಳಸುವ ಗನ್ ಥರದ್ದು ಸಾಕು. ಬಿಸಿಲು ಬಿದ್ದ ಡಾಂಬರು ಗಾಳಿಗಿಂತ ಬೆಚ್ಚಗಿರುತ್ತದೆ, ಕಟ್ಟಡದ ಉತ್ತರ ಬದಿಯ ನೆರಳು ತಣ್ಣಗಿರುತ್ತದೆ. ಒಂದೇ ರಸ್ತೆಯಲ್ಲಿ ಎರಡು ಲೆಕ್ಕ.

ಪ್ರಮಾಣ: ಮಿನ್ನೆಸೋಟ ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆ ಜನರಿಗೆ ಕೊಡುವ ಸಲಹೆ 1,000 ಚದರಡಿಗೆ 4 ಪೌಂಡ್‌ಗಿಂತ ಕಡಿಮೆ. 12 ಔನ್ಸ್‌ನ ಕಾಫಿ ಮಗ್ ಗುಪ್ಪೆಯಾಗಿ ತುಂಬಿದರೆ ಸುಮಾರು ಒಂದು ಪೌಂಡ್. ನಿಮ್ಮ 62,400 ಚದರಡಿಗೆ ಆ ಲೆಕ್ಕದಲ್ಲಿ 250 ಪೌಂಡ್, 50 ಪೌಂಡ್ ಚೀಲದಲ್ಲಿ ಐದು. ಚಳಿ ಹೆಚ್ಚಿದ್ದರೆ, ಪದರ ದಪ್ಪವಿದ್ದರೆ ದುಪ್ಪಟ್ಟೋ ಮೂರು ಪಟ್ಟೋ ಬೇಕಾದೀತು, ಒಪ್ಪೋಣ. ಆದರೆ ಒಂದು ಸುತ್ತಿಗೆ ಒಂದು ಟನ್ ಎಂದು ಬಿಲ್ ಬಂದರೆ ಅದು ಎಂಟು ಪಟ್ಟು. ಅಲ್ಲಿ ಕೂತು ಕೇಳಬೇಕು.

ಕೇಳುವ ಮೊದಲು ಅಳೆಯುವುದು ಒಳ್ಳೆಯದು. ಕಾಂಟ್ರಾಕ್ಟರ್‌ನ ಲಾರಿಯನ್ನು ಒಣದಿನ ಒಂದು ಬೆಳಿಗ್ಗೆ ಕರೆಸಿ. 10 ಅಡಿ × 10 ಅಡಿಯ ಟಾರ್ಪಾಲಿನ್ ರಸ್ತೆಯ ಮೇಲೆ ಹಾಸಿ, ಮೂಲೆಗಳಿಗೆ ಕಲ್ಲಿಡಿ. ಡ್ರೈವರ್ ದಿನಾ ಓಡಿಸುವ ವೇಗದಲ್ಲೇ, ದಿನಾ ಇಡುವ ಗೇಟ್ (ಉಪ್ಪು ಬೀಳುವ ಬಾಯಿ) ಅಳತೆಯಲ್ಲೇ ಸ್ಪ್ರೆಡರ್ (ಉಪ್ಪು ಎರಚುವ ಯಂತ್ರ) ಚಾಲೂ ಮಾಡಿ ಅದರ ಮೇಲೆ ಹಾದುಹೋಗಲಿ. ಟಾರ್ಪಾಲಿನ್ ಮಡಚಿ, ಬಿದ್ದ ಉಪ್ಪನ್ನು ಬಕೆಟ್ಟಿಗೆ ಸುರಿದು ತೂಗಿ. ಹತ್ತರಿಂದ ಗುಣಿಸಿದರೆ 1,000 ಚದರಡಿಗೆ ಎಷ್ಟು ಪೌಂಡ್ ಎಂದು ಸಿಕ್ಕಿತು. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಲಾರಿ ನಿಧಾನವಾದರೂ ಸ್ಪ್ರೆಡರ್ ಒಂದೇ ವೇಗದಲ್ಲಿ ತಿರುಗುತ್ತಿದ್ದರೆ ತಿರುವುಗಳಲ್ಲಿ ರಾಶಿ ಬೀಳುತ್ತದೆ. ಹುಲ್ಲು ಸುಟ್ಟುಹೋಗುವುದು ಹೆಚ್ಚಾಗಿ ಅಂಥ ಜಾಗದಲ್ಲೇ.

ಬಿರುಗಾಳಿಗೆ ಮುಂಚೆ ಉಪ್ಪುನೀರು (ಬ್ರೈನ್) ಬಿಡುವವರಾದರೆ ಅದು ಇನ್ನೂ ಒಳ್ಳೆಯದು. ಸಾಂದ್ರತೆ 23.3 ಶೇಕಡಾ ಇರಬೇಕು. ಆ ಅಳತೆಯಲ್ಲೇ ಉಪ್ಪುನೀರು ಅತಿ ಕಡಿಮೆ ಉಷ್ಣಾಂಶದವರೆಗೆ, ಮೈನಸ್ 6 ಫ್ಯಾರನ್‌ಹೀಟ್‌ವರೆಗೆ, ದ್ರವವಾಗಿ ಉಳಿಯುವುದು. ಉಪ್ಪು ಹೆಚ್ಚಾದರೂ ಕಡಿಮೆಯಾದರೂ ಅದಕ್ಕಿಂತ ಬೇಗ ಗಟ್ಟಿಯಾಗುತ್ತದೆ. ಹನ್ನೆರಡು ಅಡಿ ಅಗಲದ ಒಂದು ಮೈಲಿಗೆ 30ರಿಂದ 50 ಗ್ಯಾಲನ್ ಬಿಡುತ್ತಾರೆ. ನಿಮ್ಮ ಒಟ್ಟು ವಿಸ್ತೀರ್ಣ ಹೆಚ್ಚುಕಡಿಮೆ ಅಷ್ಟೇ ಇದೆ, ಹಾಗಾಗಿ 40 ಗ್ಯಾಲನ್ ಸಾಕು. ಗ್ಯಾಲನ್‌ಗೆ ಉಪ್ಪು ಎರಡೂಕಾಲು ಪೌಂಡ್ ಚಿಲ್ಲರೆ, ಅಂದರೆ ಸುಮಾರು 90 ಪೌಂಡ್ ಉಪ್ಪಿನಲ್ಲಿ ಕೆಲಸ ಆಯಿತು. ಒಣಗಿದ ಮೇಲೆ ರಸ್ತೆ ಮೇಲೆ ಬಿಳಿ ಗೆರೆಗಳು ಕಾಣಬೇಕು. ಗೆರೆಗಳ ಮಧ್ಯೆ ಖಾಲಿ ನೆಲ ಇರುವುದು ಬೇಕೆಂದೇ ಬಿಟ್ಟದ್ದು, ಪೂರ್ತಿ ಒದ್ದೆ ಮಾಡಿದರೆ ಜಾರುತ್ತದೆ. ಮೊದಲು ಮಳೆ ಬಂದು ಆಮೇಲೆ ಸ್ನೋ ಆಗುವ ಮುನ್ಸೂಚನೆ ಇದ್ದರೆ ಬಿಡಬೇಡಿ, ಎಲ್ಲ ಕೊಚ್ಚಿ ಹೋಗುತ್ತದೆ. ನ್ಯೂಜೆರ್ಸಿಯಲ್ಲಿ ಇಂಥ ಬಿರುಗಾಳಿಗಳು ಬಹಳ, ಆದ್ದರಿಂದ ‘ಪ್ರತಿ ಸಲ ಬ್ರೈನ್ ಕಡ್ಡಾಯ’ ಎಂದು ಬರೆಸಿಕೊಳ್ಳಬೇಡಿ.

ಕಾಂಕ್ರೀಟ್ ಸೈಡ್‌ವಾಕ್ ಹೊಸದಾಗಿದ್ದರೆ ಮೊದಲ ಚಳಿಗಾಲ ಉಪ್ಪು ಬೇಡ, ಮರಳು ಹಾಕಿ. ಅಮೋನಿಯಂ ನೈಟ್ರೇಟ್ ಅಥವಾ ಅಮೋನಿಯಂ ಸಲ್ಫೇಟ್ ಇರುವ ಡೀಐಸರ್ (ಐಸ್ ಕರಗಿಸುವ ವಸ್ತು) ಯಾವತ್ತೂ ಬೇಡ, ಅದು ಕಾಂಕ್ರೀಟನ್ನೇ ತಿನ್ನುತ್ತದೆ. ಚೀಲದ ಮೇಲೆ ನೀಲಿ ಬಣ್ಣ, ‘ಮೈನಸ್ 20ರವರೆಗೂ ಕೆಲಸ ಮಾಡುತ್ತದೆ’ ಎಂಬ ದೊಡ್ಡ ಅಕ್ಷರ ನೋಡಿ ಮೋಸಹೋಗಬೇಡಿ. ಹಿಂಬದಿ ತಿರುಗಿಸಿ ಯಾವುದು ಎಷ್ಟು ಶೇಕಡಾ ಎಂದು ಓದಿ. ಹೆಚ್ಚಿನವು ಕಲ್ಲುಪ್ಪೇ, ಮೇಲೊಂದಿಷ್ಟು ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಕ್ಲೋರೈಡ್ ಲೇಪ.

ಇಷ್ಟು ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್ ಸಿಹಿನೀರನ್ನು ಜಲಚರಗಳಿಗೆ ಒಗ್ಗದ ಹಾಗೆ ಮಾಡಲು ಸಾಕು. ನಿಮ್ಮ ಚರಂಡಿ ಜಾಲರಿಗಳ ನೀರು ಹತ್ತಿರದ ಹಳ್ಳಕ್ಕೋ ಕೊಳಕ್ಕೋ ನೇರ ಹೋಗುತ್ತದೆ, ನೀರಲ್ಲಿ ಬೆರೆತ ಕ್ಲೋರೈಡ್ ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಐಸ್ ಹೋದ ಮೇಲೆ ನೆಲದಲ್ಲಿ ಹರಳು ಉಳಿದು ಕರಕರ ಅಂದರೆ ಹೆಚ್ಚಾಗಿ ಹಾಕಿದ್ದಾರೆ ಎಂದೇ ಲೆಕ್ಕ. ಗುಡಿಸಿ ಡಬ್ಬಕ್ಕೆ ತುಂಬಿಡಿ, ಮುಂದಿನ ಸಲಕ್ಕೆ ಆಗುತ್ತದೆ.

ಟೌನ್‌ಹೋಂ_ಬೋರ್ಡ್:

ಇಬ್ಬರಿಗೂ ತುಂಬ ಧನ್ಯವಾದ. ಟಾರ್ಪಾಲಿನ್ ಪರೀಕ್ಷೆಯನ್ನು ಕೊಟೇಶನ್‌ನ ಷರತ್ತಾಗಿಯೇ ಸೇರಿಸುತ್ತೇವೆ. ಪುಶ್ ಲೆಕ್ಕವೋ ಸೀಸನ್ ಮೊತ್ತವೋ ಅನ್ನುವುದು ಮಾತ್ರ ಇನ್ನೂ ಉಳಿದಿದೆ. ಸೀಸನ್ ಮೊತ್ತ ಆದರೆ ಬಜೆಟ್ ಮಾಡುವುದು ಸುಲಭ, ಆದರೆ ಸ್ನೋ ಬೀಳದ ವರ್ಷ ಹಣ ಸುಮ್ಮನೆ ಹೋಯಿತು ಎಂದು ನಿವಾಸಿಗಳು ಕೇಳುತ್ತಾರೆ.

ರಸ್ತೆ_ಲೆಕ್ಕ:

ಅವರು ಕೇಳುವುದರಲ್ಲಿ ಅರ್ಥ ಇದೆ. ನಿಮಗೆ ಹತ್ತಿರದ, ದೀರ್ಘ ದಾಖಲೆ ಇರುವ ಕೇಂದ್ರ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್. ಅಲ್ಲಿ 2010-11ರಲ್ಲಿ 61.9 ಇಂಚು, 2013-14ರಲ್ಲಿ 57.4 ಇಂಚು ಬಿತ್ತು. 2019-20ರಲ್ಲಿ 4.8. 2022-23ರಲ್ಲಿ ಬರೀ 2.3. ಇಷ್ಟು ಏರುಪೇರು ಇರುವ ಕಡೆ ಯಾವ ಒಂದೇ ದರವೂ ಎರಡೂ ಕಡೆಯವರಿಗೆ ಒಗ್ಗುವುದಿಲ್ಲ.

ಒಂದೊಂದು ಬಗೆಯ ದರವೂ ಕಾಂಟ್ರಾಕ್ಟರ್‌ನನ್ನು ಒಂದೊಂದು ಕಡೆಗೆ ಎಳೆಯುತ್ತದೆ. ಪುಶ್ ಲೆಕ್ಕ ಕೊಟ್ಟರೆ ಹೆಚ್ಚು ಸಲ ಬರುವುದರಲ್ಲಿ ಅವನಿಗೆ ಲಾಭ. ಆರು ಇಂಚಿನ ಬಿರುಗಾಳಿಗೆ ಎರಡು, ನಾಲ್ಕು, ಆರು ಇಂಚಿಗೆ ಬಂದರೆ ಮೂರು ಪುಶ್. ನಿಮ್ಮ ಮೂರು ಬಿಲ್ 2 ಇಂಚಿನ ಷರತ್ತಿನ ಪ್ರಕಾರ ಸರಿಯೇ ಇರಬಹುದು. ಸೀಸನ್ ಮೊತ್ತ ಕೊಟ್ಟರೆ ಕಡಿಮೆ ಸಲ ಬರುವುದರಲ್ಲಿ ಲಾಭ, ಅಲ್ಲಿ ಸೇವೆ ಸೊರಗುತ್ತದೆ. ಬಿರುಗಾಳಿಗೆ ಇಷ್ಟು ಎಂದು ಇಂಚಿನ ಮೆಟ್ಟಿಲು ಹಾಕಿದರೆ (2ರಿಂದ 4, 4ರಿಂದ 6, 6ರಿಂದ 9, ಆಮೇಲೆ ಪ್ರತಿ ಇಂಚಿಗೆ ಇಷ್ಟು) ಎಷ್ಟು ಸಲ ಬಂದರೂ ಮೊತ್ತ ಒಂದೇ. ಆಗ ಎಲ್ಲ ಮುಗಿದ ಮೇಲೆ ಒಂದೇ ಸಲ ಬರುವ ಆಸೆ ಹುಟ್ಟುತ್ತದೆ. ಅದನ್ನು ತಡೆಯಲು ‘ಬಿರುಗಾಳಿ ನಡೆಯುತ್ತಿರುವಾಗ ರಸ್ತೆಯ ಮೇಲೆ 3 ಇಂಚಿಗಿಂತ ಹೆಚ್ಚು ನಿಲ್ಲಬಾರದು, ಬಿರುಗಾಳಿ ನಿಂತ ಮೇಲೆ ಇಷ್ಟು ಗಂಟೆಯೊಳಗೆ ಪೂರ್ತಿ ತೆರವಾಗಬೇಕು’ ಎಂದು ಸೇರಿಸಬೇಕು.

ನಿಮ್ಮ ಗಾತ್ರದ ಸಮುದಾಯಕ್ಕೆ ನನ್ನ ಸಲಹೆ ಮೆಟ್ಟಿಲು ದರ, ಇಲ್ಲವೇ ಮಿತಿ ಇರುವ ಸೀಸನ್ ಮೊತ್ತ. ಮಿತಿ ಅಂದರೆ, ಉದಾಹರಣೆಗೆ, 30 ಇಂಚಿನವರೆಗೆ ಒಂದೇ ಮೊತ್ತ, ದಾಟಿದ ಪ್ರತಿ ಇಂಚಿಗೆ ಇಷ್ಟು ಹೆಚ್ಚುವರಿ. 10 ಇಂಚಿಗಿಂತ ಕಡಿಮೆ ಬಿದ್ದರೆ ಮುಂದಿನ ವರ್ಷದ ಮೊತ್ತದಲ್ಲಿ ಇಷ್ಟು ಕಡಿತ. ಮೂರು ವರ್ಷಕ್ಕೆ ಒಪ್ಪಂದ ಮಾಡಿಕೊಂಡರೆ ಇಂಥ ಷರತ್ತಿಗೆ ಒಪ್ಪುವ ಕಾಂಟ್ರಾಕ್ಟರ್ ಸಿಗುತ್ತಾರೆ. ಉಪ್ಪು, ಸೈಡ್‌ವಾಕ್, ಲೋಡರ್ ಮೂರೂ ಬೇರೆ ಬೇರೆ ಸಾಲಿನಲ್ಲಿ ದರ ನಮೂದಾಗಲಿ. ಎಲ್ಲ ಸೇರಿಸಿ ಒಂದೇ ಅಂಕಿ ಕೊಟ್ಟ ಕೊಟೇಶನ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲು ಬರುವುದಿಲ್ಲ.

ಇಂಚು ಅಳೆಯುವವರು ಯಾರು ಅನ್ನುವುದೇ ಮುಂದಿನ ಜಗಳ. ಹತ್ತಿರದ ಹವಾಮಾನ ಕೇಂದ್ರದ ಅಂಕಿಯೋ, ನಿಮ್ಮದೇ ಅಂಗಳದ ಅಳತೆಯೋ, ಒಂದನ್ನು ಬರೆಯಿರಿ. ಎರಡು ಅಡಿ ಚೌಕದ ಪ್ಲೈವುಡ್ ಹಲಗೆಗೆ ಬಿಳಿ ಬಣ್ಣ ಬಳಿದು, ಗೋಡೆ ಮರಗಳಿಂದ ದೂರ ಬಯಲಲ್ಲಿ ಇಡಿ. ಪಕ್ಕದಲ್ಲಿ ಒಂದು ಕಡ್ಡಿ ನೆಟ್ಟಿರಿ, ಇಲ್ಲದಿದ್ದರೆ ಹಲಗೆಯೇ ಸಿಗುವುದಿಲ್ಲ. ಅಳೆದು ಗುಡಿಸುವುದು ಆರು ಗಂಟೆಗೊಮ್ಮೆ ಮಾತ್ರ. ಗಂಟೆಗೊಮ್ಮೆ ಗುಡಿಸಿ ಕೂಡಿಸಿದರೆ ಮೊತ್ತ ಉಬ್ಬುತ್ತದೆ, ಏಕೆಂದರೆ ಸ್ನೋ ತನ್ನ ಭಾರಕ್ಕೆ ತಾನೇ ಕುಗ್ಗುವುದು ಲೆಕ್ಕಕ್ಕೆ ಬರುವುದಿಲ್ಲ. ಸ್ಕೇಲ್ ಜೊತೆ ಫೋಟೋ, ಫೋಟೋದಲ್ಲಿ ಸಮಯ.

ಹೊನ್ನಾವರದಿಂದ_ಎಡಿಸನ್:

ನ್ಯೂಜೆರ್ಸಿ ಅಂದಿರಲ್ಲ, ಇಲ್ಲಿನ ಕಾನೂನಿನಲ್ಲಿ ಎರಡು ವಿಷಯ ನಿಮ್ಮ ಬೋರ್ಡಿಗೆ ನೇರವಾಗಿ ತಾಗುತ್ತದೆ. ಬೇರೆ ರಾಜ್ಯದವರು ಓದುತ್ತಿದ್ದರೆ ಇದು ನಿಮಗೆ ಅನ್ವಯಿಸುವುದಿಲ್ಲ.

ಒಂದನೆಯದು ಹಣ. ಇಲ್ಲಿ ಮುನ್ಸಿಪಲ್ ಸರ್ವಿಸಸ್ ಆಕ್ಟ್ ಇದೆ, ಜನ ಕೆಲ್ಲಿ ಬಿಲ್ ಅನ್ನುತ್ತಾರೆ. ಖಾಸಗಿ ರಸ್ತೆ ಇರುವ ಎಚ್‌ಒಎ, ಕಾಂಡೊಗಳ ನಿವಾಸಿಗಳೂ ಎಲ್ಲರ ಹಾಗೆ ಪ್ರಾಪರ್ಟಿ ಟ್ಯಾಕ್ಸ್ ಕಟ್ಟುತ್ತಾರೆ. ಆದ್ದರಿಂದ ರಸ್ತೆಯ ಸ್ನೋ, ಬೀದಿದೀಪ, ಕಸ ಈ ಸೇವೆಗಳನ್ನು ಟೌನ್‌ಶಿಪ್ ಸಾರ್ವಜನಿಕ ರಸ್ತೆಗೆ ಕೊಡುವಂತೆಯೇ ಅವರಿಗೂ ಕೊಡಬೇಕು, ಇಲ್ಲವೇ ಖರ್ಚು ಹಿಂದಿರುಗಿಸಬೇಕು. ತಾನೇ ಮಾಡಿದ್ದರೆ ಟೌನ್‌ಶಿಪ್‌ಗೆ ಎಷ್ಟು ತಗಲುತ್ತಿತ್ತೋ ಅದಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ, ಹಾಗಾಗಿ ನಿಮ್ಮ ಬಿಲ್ ಪೂರ್ತಿ ಬರುತ್ತದೆ ಅಂದುಕೊಳ್ಳಬೇಡಿ. ಸಾರ್ವಜನಿಕ ರಸ್ತೆಯ ಮನೆಗಳಿಗೆ ಡ್ರೈವ್‌ವೇ ಮಾಡಿಕೊಡದಿದ್ದರೆ ನಿಮಗೂ ಇಲ್ಲ. ಬೇರೆ ಬೇರೆ ಸಾಲಿನಲ್ಲಿ ದರ ಇರಲಿ ಎಂದು ಮೇಲಿನವರು ಹೇಳಿದ್ದು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ: ಬಿಲ್‌ನಲ್ಲಿ ರಸ್ತೆಯದು ಬೇರೆ ಸಾಲು, ಡ್ರೈವ್‌ವೇ ಮತ್ತು ಸೈಡ್‌ವಾಕ್ ಬೇರೆ ಸಾಲು ಇರಲಿ. ನಿಮ್ಮ ಸಮುದಾಯಕ್ಕೂ ಟೌನ್‌ಶಿಪ್‌ಗೂ ಈ ಬಗ್ಗೆ ಹಳೆಯ ಒಪ್ಪಂದ ಇದೆಯೇ ಎಂದು ಮ್ಯಾನೇಜ್‌ಮೆಂಟ್ ಕಂಪನಿಯ ಕಡತ ತೆರೆಸಿ ನೋಡಿ.

ಎರಡನೆಯದು ಹೊಣೆ. ಒಳಗಿನ ಖಾಸಗಿ ಸೈಡ್‌ವಾಕ್‌ಗಳ ಸ್ನೋ, ಐಸ್ ತೆಗೆಯುವ ಹೊಣೆ ಎಚ್‌ಒಎದೇ ಎಂದು ನ್ಯೂಜೆರ್ಸಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಪ್ಲೇನ್ಸ್‌ಬರೊದ ಒಂದು ಸಮುದಾಯದ ಮೊಕದ್ದಮೆ ಅದು. ಸಾರ್ವಜನಿಕ ಸೈಡ್‌ವಾಕ್‌ಗೆ ಮನೆಯವರಿಗಿರುವ ವಿನಾಯಿತಿ ನಮಗೂ ಉಂಟು ಎಂದು ಬೋರ್ಡ್ ಕೈತೊಳೆದುಕೊಳ್ಳುವ ಹಾಗಿಲ್ಲ. 2021ರಲ್ಲಿ ಅದೇ ಕೋರ್ಟ್ ವಾಣಿಜ್ಯ ಆಸ್ತಿಗಳ ವಿಷಯದಲ್ಲಿ, ಬಿರುಗಾಳಿ ನಡೆಯುತ್ತಿರುವಾಗಲೇ ತೆಗೆಯಬೇಕಾಗಿಲ್ಲ, ನಿಂತ ಮೇಲೆ ಯುಕ್ತ ಸಮಯದೊಳಗೆ ತೆಗೆಯಬೇಕು ಎಂದಿತು, ಅದಕ್ಕೂ ಕೆಲವು ಅಪವಾದ ಇಟ್ಟು. ಅದನ್ನು ನಂಬಿ ಕೂರುವ ಬದಲು ದಾಖಲೆ ಇಡುವುದು ಮೇಲು. ಯಾರು ಎಷ್ಟು ಗಂಟೆಗೆ ಬಂದರು, ನೆಲದ ಉಷ್ಣಾಂಶ ಎಷ್ಟು, ಏನು ಹಾಕಿದರು, ಎಷ್ಟು ಗಂಟೆಗೆ ಹೋದರು, ಎರಡು ಫೋಟೋ. ಜಾರಿಬಿದ್ದ ಮೊಕದ್ದಮೆ ವರ್ಷ ಕಳೆದ ಮೇಲೂ ಬರಬಹುದು, ಆಗ ನೆನಪು ಕೈಕೊಡುತ್ತದೆ.

ಇನ್ಶೂರೆನ್ಸ್ ಬಗ್ಗೆ ಒಂದು ಎಚ್ಚರಿಕೆ. ಕಾಂಟ್ರಾಕ್ಟರ್ ಕೊಡುವ ಒಂದು ಹಾಳೆಯ ಸರ್ಟಿಫಿಕೇಟ್ ನೋಡಿ ಸಮಾಧಾನಪಡಬೇಡಿ. ಹುಲ್ಲು ಕತ್ತರಿಸುವ ಕಂಪನಿಗಳು ಚಳಿಗಾಲದಲ್ಲಿ ಪ್ಲೋ ಕಟ್ಟಿಕೊಂಡು ಬರುತ್ತವೆ. ಕೆಲವರ ಲಯಬಿಲಿಟಿ ಪಾಲಿಸಿಯಲ್ಲಿ (ಬೇರೆಯವರಿಗಾದ ಹಾನಿಗೆ ಇರುವ ವಿಮೆ) ಸ್ನೋ ಮತ್ತು ಐಸ್ ಕೆಲಸವನ್ನೇ ಹೊರಗಿಟ್ಟಿರುತ್ತಾರೆ. ಆ ಹೊರಗಿಡುವಿಕೆ ಇಲ್ಲ ಎಂದು ತೋರಿಸುವ ಪಾಲಿಸಿಯ ಪುಟವನ್ನೇ ತರಿಸಿ. ನಿಮ್ಮ ಎಚ್‌ಒಎ ಹೆಸರು ಆ ವಿಮೆಯ ರಕ್ಷಣೆ ಪಡೆಯುವ ಹೆಚ್ಚುವರಿ ಪಕ್ಷವಾಗಿ ಅದರಲ್ಲಿ ಇರಬೇಕು. ಸಲಿಕೆ ಹಿಡಿದು ಬರುವವರು ಸಬ್‌ಕಾಂಟ್ರಾಕ್ಟ್ ಕೂಲಿಯವರಾದರೆ ಅವರಿಗೂ ವರ್ಕರ್ಸ್ ಕಾಂಪ್ (ಕೆಲಸದಲ್ಲಿ ಪೆಟ್ಟಾದರೆ ಸಿಗುವ ವಿಮೆ) ಇದೆಯೇ ಎಂದು ಕೇಳಿ. ರಾತ್ರಿಯೆಲ್ಲ ಚಳಿಯಲ್ಲಿ ಮೆಟ್ಟಿಲು ಮೆಟ್ಟಿಲು ತೆರವು ಮಾಡುವವರು ಅವರು. ಬೆನ್ನು ಹಿಡಿದರೆ, ಬಿದ್ದರೆ, ಅವರಿಗೆ ಆಸರೆ ಇರಬೇಕು.

ಮಲೆನಾಡ_ಹನಿ:

ಕಾಂಟ್ರಾಕ್ಟ್ ಎಷ್ಟು ಚೆನ್ನಾಗಿದ್ರೂ ಕಾರುಗಳು ಅಡ್ಡ ನಿಂತಿದ್ರೆ ಪ್ಲೋ ಏನೂ ಮಾಡಕ್ಕಾಗಲ್ಲ. ಕಾರಿನ ಸುತ್ತ ಬಿಟ್ಟು ಹೋದ ಸ್ನೋ ಮಾರನೇ ದಿನ ಕಲ್ಲಾಗಿರುತ್ತೆ, ಅದಕ್ಕೆ ಮತ್ತೆ ಕರೆದ್ರೆ ಮತ್ತೆ ಬಿಲ್. ಅತಿಥಿ ಪಾರ್ಕಿಂಗ್ ಎರಡು ಕಡೆ ಇದೆ ಅಂದ್ರಲ್ಲ, ಅದನ್ನ ಉಪಯೋಗಿಸಿಕೊಳ್ಳಿ. ಬಿರುಗಾಳಿ ಮುಂಚಿನ ಸಂಜೆ ಎಲ್ಲರಿಗೂ ಮೆಸೇಜ್: ಇವತ್ತು ರಾತ್ರಿ ಕಾರು ಡ್ರೈವ್‌ವೇ ಒಳಗೆ, ಉಳಿದದ್ದು ಮೇಲಿನ ಪಾರ್ಕಿಂಗ್‌ಗೆ. ಬೆಳಿಗ್ಗೆ ಕೆಳಗಿನದು ಖಾಲಿ ಇದ್ದಾಗ ಅದು ಪೂರ್ತಿ ಕ್ಲೀನ್. ಆಮೇಲೆ ಹತ್ತು ಗಂಟೆಗೆ ಎಲ್ಲರೂ ಕೆಳಗೆ ಬಂದರೆ ಮೇಲಿನದು ಕ್ಲೀನ್. ಮಿನ್ನಿಯಾಪೊಲಿಸ್ ನಗರದಲ್ಲಿ ಇದೇ ತತ್ವನ ಮೂರು ದಿನಕ್ಕೆ ಹಂಚಿದಾರೆ: ಮೊದಲ ರಾತ್ರಿ ಮುಖ್ಯ ಮಾರ್ಗದ ಎರಡೂ ಬದಿ, ಎರಡನೇ ದಿನ ಉಳಿದ ರಸ್ತೆಗಳ ಸಮಸಂಖ್ಯೆ ಬದಿ, ಮೂರನೇ ದಿನ ಬೆಸಸಂಖ್ಯೆ ಬದಿ. ಸಣ್ಣ ಮಟ್ಟದಲ್ಲೂ ಚೆನ್ನಾಗಿ ನಡೆಯುತ್ತೆ. ಊರಿಗೆ ಹೋಗಿರೋರ ಕಾರಿನ ಬೀಗದ ಕೈ ಪಕ್ಕದ ಮನೆಯವರ ಹತ್ರ ಇರಲಿ. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋಗೋರು ನಮ್ಮಲ್ಲಿ ಬಹಳ, ಅವರ ಕಾರೇ ಆರು ವಾರ ಅಲ್ಲಾಡದೆ ನಿಂತಿರೋದು.

ಡ್ರೈವ್‌ವೇ ಬಾಯಲ್ಲಿ ಪ್ಲೋ ಬಿಟ್ಟುಹೋಗೋ ದಿಬ್ಬದ ಬಗ್ಗೆ ನೀವು ಕೇಳಿಲ್ಲ, ಆದ್ರೆ ದೂರು ಖಂಡಿತ ಬರುತ್ತೆ. ಅದಕ್ಕೆ ಸುಲಭ ಉಪಾಯ ಇದೆ. ಮನೆ ಕಡೆಯಿಂದ ರಸ್ತೆಗೆ ಮುಖ ಮಾಡಿ ನಿಂತ್ಕೊಳ್ಳಿ. ಅಮೆರಿಕಾದಲ್ಲಿ ಹತ್ತಿರದ ಲೇನಿನ ಪ್ಲೋ ನಿಮ್ಮ ಎಡಗಡೆಯಿಂದ ಬರುತ್ತೆ. ಡ್ರೈವ್‌ವೇ ಎಡ ಅಂಚಿನ ಪಕ್ಕ, ರಸ್ತೆ ಬದಿಯಲ್ಲಿ ಎಂಟು ಹತ್ತು ಅಡಿ ಉದ್ದಕ್ಕೆ ಸ್ನೋ ಮೊದಲೇ ತೆಗೆದು ಖಾಲಿ ಜೇಬು ಮಾಡಿಡಿ. ಬ್ಲೇಡಿನಲ್ಲಿ ಇದ್ದ ಸ್ನೋ ಆ ಜೇಬಿಗೆ ಸುರಿದು, ನಿಮ್ಮ ಬಾಯಿಗೆ ಬರೋ ಹೊತ್ತಿಗೆ ಬ್ಲೇಡ್ ಹೆಚ್ಚುಕಡಿಮೆ ಖಾಲಿ ಆಗಿರುತ್ತೆ. ನೀವು ತೆಗೆದ ಸ್ನೋ ಬಲಗಡೆಗೆ ಹಾಕಿ. ಎಡಕ್ಕೆ ಹಾಕಿದ್ರೆ ಪ್ಲೋ ಅದನ್ನೇ ತಂದು ವಾಪಸ್ ಕೊಡುತ್ತೆ. ರಸ್ತೆಗಂತೂ ಎಸೀಬೇಡಿ.

ಇನ್ನೊಂದು, ಜೀವದ ವಿಷಯ. ಈಚಿನ ಟೌನ್‌ಹೋಂಗಳಲ್ಲಿ ಹೀಟರ್‌ನ ಹೊಗೆ ಕೊಳವೆ ಛಾವಣಿಗೆ ಹೋಗದೆ ಪಕ್ಕದ ಗೋಡೆಯಿಂದ ನೆಲಕ್ಕೆ ಹತ್ತಿರ ಹೊರಗೆ ಬಂದಿರುತ್ತೆ, ಬಿಳಿ ಪಿವಿಸಿ ಪೈಪು. ಗಾಳಿಗೆ ಅಲ್ಲಿ ಸ್ನೋ ತೂರಿಕೊಂಡ್ರೂ ಕಷ್ಟ, ಸೈಡ್‌ವಾಕ್ ತೆಗೆಯೋರು ಅದರ ಮೇಲೆ ಎತ್ತಿ ಹಾಕಿದ್ರೂ ಕಷ್ಟ. ಹೀಟರ್ ನಿಂತು ಹೋಗಬಹುದು, ಅದಕ್ಕಿಂತ ಕೆಟ್ಟದ್ದು ಅಂದ್ರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ತುಂಬೋದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮ್ಯಾಪ್‌ನಲ್ಲಿ ಆ ಪೈಪುಗಳನ್ನೂ ಕೆಂಪಲ್ಲಿ ಗುರುತು ಹಾಕಿ, ‘ಇಲ್ಲಿ ಸ್ನೋ ಹಾಕಬಾರದು’ ಅಂತ. ಹೈಡ್ರಂಟ್ ಸುತ್ತ ಮೂರು ಅಡಿ ಖಾಲಿ ಇರಬೇಕು, ಅದನ್ನ ಯಾವ ಮನೆಯವರು ನೋಡ್ಕೋತಾರೆ ಅಂತ ಹೆಸರು ಬರೆದಿಡಿ. ಎಲ್ಲರ ಕೆಲಸ ಅಂದ್ರೆ ಯಾರೂ ಮಾಡಲ್ಲ.

ಕಲ್ಲುಪ್ಪು:

ಮಲೆನಾಡ_ಹನಿ ಅವರು ಹೇಳಿದ ಪೈಪಿನ ವಿಷಯ ಕಾಂಟ್ರಾಕ್ಟಿನಲ್ಲೇ ಸಾಲಾಗಿ ಬರಬೇಕು, ತುಂಬ ಮುಖ್ಯ.

ತಿರುವಿನ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಗುಡ್ಡೆ ಜಾಗ ಬದಲಾಯಿಸಿದರೂ ಅಕ್ಕಪಕ್ಕದ ಮನೆಗಳ ಛಾವಣಿ ನೀರಿನ ಪೈಪು ಸೈಡ್‌ವಾಕ್ ಮೇಲೆ ಬಾಯಿಬಿಟ್ಟಿದ್ದರೆ ಅಲ್ಲಿ ಐಸ್ ತಪ್ಪುವುದಿಲ್ಲ. ಈ ತಿಂಗಳು ಮಳೆ ಬರುವಾಗ ಕೊಡೆ ಹಿಡಿದು ಒಂದು ಸುತ್ತು ಹಾಕಿ. ನೀರು ಎಲ್ಲಿ ರಸ್ತೆ ದಾಟುತ್ತದೋ ಜನವರಿಯಲ್ಲಿ ಬ್ಲ್ಯಾಕ್ ಐಸ್ (ಕಣ್ಣಿಗೆ ಸುಲಭವಾಗಿ ಕಾಣದ ತೆಳು ಐಸ್) ಅಲ್ಲೇ. ಪೈಪಿಗೆ ನಾಲ್ಕು ಅಡಿ ಉದ್ದ ಸೇರಿಸಿ ಹುಲ್ಲಿನ ಕಡೆ ತಿರುಗಿಸಿದರೆ ಅರ್ಧ ಜಾಗಗಳು ಸರಿಹೋಗುತ್ತವೆ. ಉಳಿದದ್ದಕ್ಕೆ ಮಾತ್ರ ಸಂಜೆ ನಾಲ್ಕರಿಂದ ಐದರೊಳಗೆ, ನೀರು ಇನ್ನೂ ನೀರಾಗಿರುವಾಗಲೇ, ಕೈಯಿಂದ ಒಂದೆರಡು ಮಗ್ ಉಪ್ಪು. ಬೆಳಿಗ್ಗೆ ಗಟ್ಟಿಯಾದ ಮೇಲೆ ಹಾಕಿದರೆ ಅದರ ಎಷ್ಟೋ ಪಟ್ಟು ಬೇಕು.

ಟೌನ್‌ಹೋಂ_ಬೋರ್ಡ್:

ಎಲ್ಲರಿಗೂ ಮನಸಾರೆ ಧನ್ಯವಾದ. ಶನಿವಾರ ಪ್ಲಾನ್ ಪ್ರಿಂಟ್ ತೆಗೆದುಕೊಂಡು ಸುತ್ತು ಹಾಕಿ ಹೈಡ್ರಂಟ್, ಜಾಲರಿ, ಗೋಡೆಯ ಪೈಪುಗಳನ್ನು ಗುರುತು ಮಾಡುತ್ತೇವೆ. ಮೆಟ್ಟಿಲು ದರಕ್ಕೆ ಹೊಸ ಕೊಟೇಶನ್ ಕೇಳುತ್ತೇವೆ. ಒಂದು ಕೊನೆಯ ಪ್ರಶ್ನೆ: ಪ್ಲೋ ಬ್ಲೇಡಿನ ಅಂಚು ರಬ್ಬರಿನದು ಇರಲಿ ಎಂದು ಕೆಲವರು ಹೇಳುತ್ತಿದ್ದಾರೆ. ಕಡ್ಡಾಯ ಮಾಡಬೇಕೇ?

ರಸ್ತೆ_ಲೆಕ್ಕ:

ಡಾಂಬರು ರಸ್ತೆಗೆ ಬೇಡ. ರಬ್ಬರ್ ಅಂಚು ಒತ್ತಿ ಹೋದ ಸ್ನೋವನ್ನು ಕೆರೆಯುವುದಿಲ್ಲ,ಮೇಲೆ ಜಾರಿಕೊಂಡು ಹೋಗಿ ತೆಳು ಪದರ ಬಿಡುತ್ತದೆ, ಆಮೇಲೆ ಅದಕ್ಕೆ ಉಪ್ಪು ಹೆಚ್ಚು ಬೇಕು. ಉಕ್ಕಿನ ಅಂಚೇ ಇರಲಿ. ಪೇವರ್ ಇಟ್ಟಿಗೆ ಹಾಸಿದ ಜಾಗ, ಎತ್ತಿಕೊಂಡ ಮ್ಯಾನ್‌ಹೋಲ್ ಇರುವ ಜಾಗಕ್ಕೆ ಮಾತ್ರ ರಬ್ಬರ್ ಅಥವಾ ಪಾಲಿಯುರೆಥೇನ್ ಎಂದು ಬರೆಸಿ, ಮ್ಯಾಪ್‌ನಲ್ಲಿ ಅವನ್ನು ಬೇರೆ ಬಣ್ಣದಲ್ಲಿ ತೋರಿಸಿ. ಡ್ರೈವರ್ ಬದಲಾದರೆ ಹೊಸಬನಿಗೆ ಅದೇ ಮ್ಯಾಪ್‌ನ ಪ್ರತಿ ಲಾರಿಯೊಳಗೆ ಇರಬೇಕು, ಲ್ಯಾಮಿನೇಟ್ ಮಾಡಿಸಿ ಕೊಡಿ.